ಬಡಾವಣೆಯ ಮೊದಲ ಕಲ್ಲು

ಊರು ಬೆಳೆಯುವುದು ಸಹಜವಾದ ಸಂಗತಿ. ನಿನ್ನೆ ರಾಗಿಯ ತೆನೆ ತೂಗುತ್ತಿದ್ದ ಹೊಲದಲ್ಲಿ ಇಂದು ಸುಣ್ಣದ ಗೆರೆಗಳೂ ಗಡಿಕಲ್ಲುಗಳೂ ಕಾಣಿಸಿಕೊಳ್ಳುವುದನ್ನು ನಮ್ಮ ನಾಡಿನ ಅನೇಕ ಪಟ್ಟಣಗಳ ಅಂಚಿನಲ್ಲಿ ನೋಡಬಹುದು. ಆದರೆ ಹೊಲವನ್ನು ಮನಬಂದಂತೆ ನಿವೇಶನಗಳಾಗಿ ಒಡೆಯುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಕೃಷಿಭೂಮಿಯ ಪರಿವರ್ತನೆಯ ಕ್ರಮವನ್ನು 1964ರ ಭೂಕಂದಾಯ ಅಧಿನಿಯಮವು ಹೇಳುತ್ತದೆ. ವಸತಿಗೆ ಯಾವ ಭೂಮಿ, ಕಾರ್ಖಾನೆಗೆ ಯಾವುದು, ಹಸುರಾಗಿಯೇ ಉಳಿಯಬೇಕಾದುದು ಯಾವುದು ಎಂಬ ವಲಯ ವಿಂಗಡಣೆಗೂ ಬಡಾವಣೆಯ ನಕ್ಷೆಯ ಒಪ್ಪಿಗೆಗೂ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವೇ ಆಧಾರ.

ಈ ನಿಯಮಗಳು ಕಚೇರಿಯವರ ಕಾಗದದ ಆಟವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿ ಬಂದಾಗ ಇಕ್ಕಟ್ಟಾದ ಪೇಟೆಯ ಜನರು ಪಟ್ಟ ಪಾಡು ಅಷ್ಟಿಷ್ಟಲ್ಲ. ಆ ಕಾಲದಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಬೀದಿಗಳನ್ನು ನೇರವಾಗಿಯೂ ಅಗಲವಾಗಿಯೂ ಎಳೆದು, ಮನೆಗಳಿಗೆ ಗಾಳಿ ಬೆಳಕು ಬರುವಂತೆ ಯೋಜಿಸಲಾಯಿತು. ಬೀದಿ ಮೊದಲು, ಮನೆ ಅನಂತರ ಎಂಬುದೇ ಅಲ್ಲಿಯ ಕ್ರಮ.

ಇಂದಿನ 'ರೆವಿನ್ಯೂ ಬಡಾವಣೆ'ಗಳಲ್ಲಿ ಈ ಕ್ರಮವೇ ತಲೆಕೆಳಗಾಗಿದೆ. ನಿವೇಶನ ಅಗ್ಗವೆಂದು ಸಣ್ಣ ಸಂಬಳದ ಗೃಹಸ್ಥನು ಜೀವಮಾನದ ಉಳಿತಾಯವನ್ನು ಅಲ್ಲಿ ಸುರಿಯುತ್ತಾನೆ; ಕಂದಾಯ ಕಟ್ಟಿದ ರಸೀದಿಯನ್ನೇ ಒಪ್ಪಿಗೆಯ ಪತ್ರವೆಂದು ನಂಬುತ್ತಾನೆ. ಮಾರುವಾಗ ತೋರಿಸಿದ ನಕ್ಷೆಯಲ್ಲಿ ಉದ್ಯಾನವಾಗಿದ್ದ ಜಾಗವೂ ಕಾಲಕ್ರಮದಲ್ಲಿ ನಿವೇಶನವಾಗಿ ಮಾರಾಟವಾಗುತ್ತದೆ. ಮಳೆನೀರು ಹರಿಯುತ್ತಿದ್ದ ಹಳ್ಳವನ್ನು ಮುಚ್ಚಿದರೆ ಆ ನೀರು ನಡುಮನೆಗೆ ಬರುತ್ತದೆ. ಬೆಂಕಿ ಬಿದ್ದಾಗ ಅಗ್ನಿಶಾಮಕ ವಾಹನವು ಓಣಿಯ ತಿರುವಿನಲ್ಲೇ ನಿಲ್ಲಬೇಕಾಗುತ್ತದೆ. ಮಾರಿದವನಾದರೋ ಅಷ್ಟರಲ್ಲಿ ಇನ್ನೊಂದು ಊರಿನಲ್ಲಿ ಇನ್ನೊಂದು ಹೊಲವನ್ನು ಅಳೆಯುತ್ತಿರುತ್ತಾನೆ!

ಸ್ಥಳೀಯ ಸಂಸ್ಥೆಗಳು ಎಚ್ಚೆತ್ತುಕೊಳ್ಳುವುದು ಬಹುಮಟ್ಟಿಗೆ ಮನೆಗಳು ಎದ್ದುನಿಂತ ಮೇಲೆ. ಆಗ ಅವುಗಳ ಮುಂದೆ ಇರುವುದು ಎರಡೇ ದಾರಿ. ಒಡೆಸಿದರೆ ಶಿಕ್ಷೆಯಾಗುವುದು ಕೊಂಡವನಿಗೆ. ದಂಡ ಕಟ್ಟಿಸಿಕೊಂಡು ಮನ್ನಿಸಿದರೆ ನಿಯಮ ಪಾಲಿಸಿದವನು ಮೂರ್ಖನಾಗುತ್ತಾನೆ. 'ಅಕ್ರಮ-ಸಕ್ರಮ'ವೆಂದು ಪ್ರಸಿದ್ಧವಾದ ಯೋಜನೆಯು ಎರಡನೆಯ ದಾರಿಯನ್ನು ಹಿಡಿಯಿತು. ಅದನ್ನು 2016ರ ಡಿಸೆಂಬರಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಎತ್ತಿಹಿಡಿದರೂ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ದಂಡದ ಹಣದಿಂದ ಬೊಕ್ಕಸ ತುಂಬೀತು. ಆದರೆ ಇಪ್ಪತ್ತು ಅಡಿಯ ಬೀದಿ ಮೂವತ್ತು ಅಡಿಯಾಗದು.

2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಟ್ಟಡವು ಒಪ್ಪಿಗೆಯ ನಕ್ಷೆಯಂತೆ ಇದೆಯೆಂಬ ಪ್ರಮಾಣಪತ್ರವನ್ನು ನೋಡಿದ ಮೇಲೆಯೇ ನೀರು, ವಿದ್ಯುತ್ತುಗಳ ಸಂಪರ್ಕ ಕೊಡಬೇಕೆಂದೂ, ತಪ್ಪು ಪ್ರಮಾಣಪತ್ರ ಕೊಟ್ಟ ಅಧಿಕಾರಿಗಳ ಮೇಲೆ ಕ್ರಮ ಕೈಗೊಳ್ಳಬೇಕೆಂದೂ ಆದೇಶಿಸಿತು. ಇದು ಸ್ತುತ್ಯವಾದುದೇ. ಆದರೂ ಈ ತಪಾಸಣೆಯ ಬಾಗಿಲು ಇರುವುದು ದಾರಿಯ ಕೊನೆಯಲ್ಲಿ. ತಡೆಯಬೇಕಾದುದು ಮೊದಲ ಗಡಿಕಲ್ಲು ನೆಟ್ಟ ವಾರದಲ್ಲಿ. ಆಗ ಬರಿಯ ಸುಣ್ಣದ ಗೆರೆಯನ್ನು ಅಳಿಸಿದರೆ ಸಾಕು. ಯಾರ ಸೂರೂ ಬೀಳುವುದಿಲ್ಲ. ಪಂಚಾಯಿತಿಯ ಸಿಬ್ಬಂದಿ ತಮ್ಮ ಎಲ್ಲೆಯೊಳಗೆ ನಿಯತವಾಗಿ ಸಂಚರಿಸಿದರೆ ಇದು ಅಸಾಧ್ಯವೇನಲ್ಲ. ಉಪಗ್ರಹಗಳ ಚಿತ್ರಗಳೂ ಈಗ ನೆರವಿಗಿವೆ.

ಅಗ್ಗದ ನಿವೇಶನವಿಲ್ಲದೆ ಬಡವನು ಎಲ್ಲಿ ಮನೆ ಕಟ್ಟಬೇಕೆಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದು. ಪ್ರಾಮಾಣಿಕನು ಒಪ್ಪಿಗೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಬಸವಳಿಯುವಂತಿದ್ದರೆ, ಕಳ್ಳದಾರಿಗೆ ಜನರನ್ನು ನೂಕಿದ ಹೊಣೆ ಕಚೇರಿಯದೂ ಆಗುತ್ತದೆ. ಸಣ್ಣ ನಿವೇಶನಗಳ ಬಡಾವಣೆಗೆ ಗೊತ್ತಾದ ಅವಧಿಯೊಳಗೆ ಒಪ್ಪಿಗೆಯನ್ನೋ ನಿರಾಕರಣೆಯನ್ನೋ, ಕಾರಣಸಹಿತವಾಗಿ, ಕೊಡುವ ಏರ್ಪಾಡು ಆಗಬೇಕು.

ಇನ್ನೊಂದು ಕೆಲಸಕ್ಕೆ ಹೆಚ್ಚು ಖರ್ಚೂ ಬೇಡ. ಪ್ರತಿಯೊಂದು ಬಡಾವಣೆಯ ಹೆಬ್ಬಾಗಿಲಿನಲ್ಲಿ ಸರ್ವೆ ನಂಬರು, ಒಪ್ಪಿಗೆಯ ಸಂಖ್ಯೆ ಹಾಗೂ ದಿನಾಂಕ, ರಸ್ತೆಯ ಅಗಲ, ಉದ್ಯಾನದ ಅಳತೆ ಇಷ್ಟನ್ನು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆದ ಫಲಕವಿರಬೇಕು. ಅದೇ ಪಟ್ಟಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೂ ಉಪನೋಂದಣಾಧಿಕಾರಿಯ ಕಚೇರಿಯಲ್ಲೂ ತೂಗಬೇಕು. ಮುಂಗಡ ಕೊಡಲು ಬಂದವನು ಮೊದಲು ಅದನ್ನು ಓದಲಿ. ಫಲಕವಿಲ್ಲದ ಕಡೆ ಹಣದ ಚೀಲವನ್ನು ಬಿಚ್ಚದೆ ಹಿಂದಿರುಗಲಿ.