ನಡೆಯುವ ಸಂಗೀತಕ್ಕೆ ಲಿಂಕ್ ಇರಲಿಲ್ಲ

ಕೊರೊನಾ ಕಾಲದಲ್ಲಿ ಸಂಗೀತ ಆನ್‌ಲೈನ್‌ಗೆ ಹೋಗಿ ಬದುಕಿಕೊಂಡಿತು ಎಂದು ಬಹಳ ಜನ ಹೇಳುತ್ತಾರೆ. ಮೊನ್ನೆ ಬಿಸಿನೆಸ್ ಸ್ಟಡೀಸ್ ತರಗತಿಯಲ್ಲಿ, ಪರಿಸ್ಥಿತಿ ಬದಲಾದಾಗ ವ್ಯವಹಾರ ಹೇಗೆ ಹೊಂದಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ನನ್ನ ಸಹಪಾಠಿಯೊಬ್ಬ ಇದನ್ನೇ ಉದಾಹರಣೆ ಕೊಟ್ಟ. ನಾನು ಆಗ ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪು ಅನಿಸಿ ಈಗ ಬರೆಯುತ್ತಿದ್ದೇನೆ.

ಅವನು ಹೇಳಿದ್ದು ಸುಳ್ಳೇನಲ್ಲ. 2020ರ ಡಿಸೆಂಬರಿನಲ್ಲಿ ಚೆನ್ನೈನ ಸಂಗೀತ ಸಭಾಗಳು ಒಟ್ಟು ಸೇರಿ, ಕಛೇರಿಗಳನ್ನು ರೆಕಾರ್ಡ್ ಮಾಡಿ, ಟಿಕೆಟ್ ಇಟ್ಟು ಆನ್‌ಲೈನ್‌ನಲ್ಲಿ ತೋರಿಸಿದವು. ಬೇರೆ ಬೇರೆ ಮನೆಯಲ್ಲಿ ಕೂತ ನಾಲ್ಕು ಜನ ಒಂದೇ ಪರದೆಯಲ್ಲಿ ಹಾಡುವ ವಿಡಿಯೋಗಳನ್ನು ನಾವೆಲ್ಲ ನೋಡಿದ್ದೇವೆ. ಅವುಗಳಲ್ಲಿ ಹೆಚ್ಚಿನವು ನಿಜವಾಗಿ ಒಟ್ಟಿಗೆ ಹಾಡಿದ್ದಲ್ಲ. ಇಂಟರ್ನೆಟ್‌ನಲ್ಲಿ ದನಿ ತಲುಪುವುದು ಸ್ವಲ್ಪ ತಡವಾಗುವುದರಿಂದ ತಾಳ ಕೂಡುವುದಿಲ್ಲ. ಒಬ್ಬೊಬ್ಬರೂ ಇಯರ್‌ಫೋನ್ ಹಾಕಿಕೊಂಡು ತಮ್ಮ ಭಾಗ ಮಾತ್ರ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು, ಆಮೇಲೆ ಯಾರೋ ಕೂತು ಜೋಡಿಸುತ್ತಿದ್ದರು. ಜಾಣತನದ ಕೆಲಸವೇ. ಆದರೆ ಅದೆಲ್ಲ ಕೂತು ಕೇಳುವ ಸಂಗೀತ. ನನ್ನ ಮಾಮು ನುಡಿಸುವುದು ನಡೆಯುವ ಸಂಗೀತ.

ಮಾಮು ಊರ್ಡಿಗೆರೆಯವರು. ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಾರೆ. ಮನೆಯಲ್ಲಿ ನಾವು ಅದನ್ನು ಬಾಜಾ ಅನ್ನುತ್ತೇವೆ. ಮದುವೆ ದಿಬ್ಬಣ, ಹೂವಿನ ಪಲ್ಲಕ್ಕಿ, ಗಣಪತಿ ಬಿಡುವ ಮೆರವಣಿಗೆ, ಎಲ್ಲಿ ಜನ ನಡೆಯುತ್ತಾರೋ ಅಲ್ಲಿ ಇವರ ಕೆಲಸ. ನಮ್ಮ ನೆಂಟರ ಮದುವೆಗಳಲ್ಲಿ ಮಾತ್ರ ಬಾಜಾ ಇರುವುದಿಲ್ಲ, ಹಿರಿಯರು ಬೇಡ ಎನ್ನುತ್ತಾರೆ. ಆ ಚರ್ಚೆಗೆ ನಾನಿಲ್ಲಿ ಹೋಗುವುದಿಲ್ಲ. ಮಾಮುವಿನ ಸ್ವಂತ ಮದುವೆಯೂ ಬಾಜಾ ಇಲ್ಲದೆಯೇ ಆಯಿತಂತೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂದಾಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಮದುವೆ ಸೀಸನ್ ಆಗ ಶುರುವಾಗುವ ಹೊತ್ತು. ಏಪ್ರಿಲ್, ಮೇ ಎರಡು ತಿಂಗಳಿಗೂ ಅಡ್ವಾನ್ಸ್ ತೆಗೆದುಕೊಂಡಾಗಿತ್ತು. ಮುಂಗಡವಾಗಿ ಬಂದ ಹಣ ಆದಾಯವಲ್ಲ, ಹೊಣೆ, ಬ್ಯಾಲೆನ್ಸ್ ಶೀಟಿನ ಎಡಗಡೆ ಬರೆಯಬೇಕು ಎಂದು ಅಕೌಂಟೆನ್ಸಿ ತರಗತಿಯಲ್ಲಿ ನಮಗೆ ಹೇಳಿಕೊಟ್ಟಿದ್ದಾರೆ. ಮಾಮುವಿನ ಸೆಟ್ಟಿನವರು ಆ ದುಡ್ಡಿನಲ್ಲಿ ಹೊಸ ಯೂನಿಫಾರ್ಮ್ ಹೊಲಿಸಿದ್ದರು. ಮದುವೆ ನಿಂತುಹೋದ ಮನೆಯವರು ಅಡ್ವಾನ್ಸ್ ವಾಪಸ್ ಕೇಳಿದರು. ಅವರದೂ ತಪ್ಪಿಲ್ಲ. ಆ ಪಾಠ ನಡೆದ ದಿನ ನನಗೆ ಕಂಡದ್ದು ಪೆಟ್ಟಿಗೆಯಲ್ಲಿ ಮಡಿಸಿಟ್ಟ ಆ ಕೆಂಪು ಕೋಟುಗಳು.

ಆಮೇಲೆ ಮದುವೆಗೆ 50 ಜನ ಎಂದಾಯಿತು. ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, 40 ಜನ. ಮಾಮುವಿನ ಸೆಟ್ಟಿನಲ್ಲೇ 16 ಜನ. ಅವರನ್ನು ಕರೆದರೆ ನೆಂಟರನ್ನು ಎಲ್ಲಿ ನಿಲ್ಲಿಸುವುದು? ಜೊತೆಗೆ ಊದುವ ವಾದ್ಯ, ಮಾಸ್ಕ್ ಹಾಕಿ ಊದಲಾಗದು. ಹೆದರಿಕೆಗೆ ಕಾರಣವೂ ಇತ್ತು. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಮೂಹಗಾನದ ಅಭ್ಯಾಸಕ್ಕೆ ಸೇರಿದ್ದ 61 ಜನರಲ್ಲಿ 53 ಜನಕ್ಕೆ ಕಾಯಿಲೆ ಬಂತು, ಇಬ್ಬರು ತೀರಿಕೊಂಡರು. ಆದ್ದರಿಂದ ನಿಯಮ ಮಾಡಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಮೈಸೂರು ದಸರಾ ಜಂಬೂಸವಾರಿಯೇ ಆ ವರ್ಷ ಬನ್ನಿಮಂಟಪಕ್ಕೆ ಹೋಗದೆ ಅರಮನೆಯ ಒಳಗೇ ಮುಗಿಯಿತು, ಜನ ಟಿವಿಯಲ್ಲಿ ನೋಡಿದರು. ಊರ್ಡಿಗೆರೆಯ ದಿಬ್ಬಣವನ್ನು ಯಾವ ಟಿವಿ ತೋರಿಸುತ್ತದೆ?

ಮಾಮು ತಳ್ಳುಗಾಡಿಯಲ್ಲಿ ತರಕಾರಿ ಮಾರಿದರು. ಡ್ರಮ್ ಬಾರಿಸುತ್ತಿದ್ದವರೊಬ್ಬರು ಗಾರೆ ಕೆಲಸಕ್ಕೆ ಹೋದವರು ಇವತ್ತಿಗೂ ಅಲ್ಲೇ ಇದ್ದಾರೆ. 'ಹೊಂದಿಕೊಂಡರು' ಅಂದರೆ ಇದೂ ಹೊಂದಿಕೊಂಡದ್ದೇ ತಾನೆ?

2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 1,250 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿತು. ಅದರಲ್ಲಿ ಸುಮಾರು 16 ಸಾವಿರ ಕಲಾವಿದರಿಗೆ ತಲಾ 3,000 ರೂಪಾಯಿ ಇತ್ತು. ಆಟೋ ಚಾಲಕರಿಗೂ ಅಷ್ಟೇ. ನಮ್ಮ ಅಬ್ಬು ಆಟೋ ಓಡಿಸುತ್ತಾರೆ, ಅರ್ಜಿ ಹಾಕಿದರು. ಮಾಮು ಹಾಕಲಿಲ್ಲ. ಯಾಕೆ ಎಂದು ಈ ಲೇಖನಕ್ಕಾಗಿ ಕೇಳಿದಾಗ, "ಅದು ಕಲಾವಿದರಿಗೆ ಅಲ್ವಾ, ನಾವು ಬಾಜಾದವರು" ಅಂದರು. ಮೂವತ್ತು ವರ್ಷ ಕ್ಲಾರಿನೆಟ್ ಊದಿದವರು. ಸಹಪಾಠಿಯ ಉದಾಹರಣೆಗಿಂತ ನನಗೆ ಈ ಮಾತು ಹೆಚ್ಚು ಚುಚ್ಚಿತು. ಕಛೇರಿ ಮಾಡಿದರೆ ಕಲೆ, ಬೀದಿಯಲ್ಲಿ ನಡೆದರೆ ಕೂಲಿ ಎಂದು ಇವರಿಗೆ ಕಲಿಸಿದವರು ಯಾರು? ನಾವೇ ಇರಬೇಕು. ನಾನೂ ಶಾಲೆಯಲ್ಲಿ ಮಾಮು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರೆ 'ತುಮಕೂರಿನಲ್ಲಿ ಕೆಲಸ' ಎಂದಷ್ಟೇ ಹೇಳುತ್ತಿದ್ದೆ.

ಕೊರೊನಾ ಹೋದ ಮೇಲೆ ಮದುವೆಗಳು ಮೊದಲಿನ ಹಾಗೇ ಆದವು, 500 ಜನ, ಸಾವಿರ ಜನ. ಬ್ಯಾಂಡ್ ಮಾತ್ರ ಮೊದಲಿನ ಹಾಗೆ ಬರಲಿಲ್ಲ. ಆ ಎರಡು ವರ್ಷದಲ್ಲಿ ಜನರಿಗೆ ಸೌಂಡ್ ಬಾಕ್ಸ್ ಮತ್ತು ಪೆನ್‌ಡ್ರೈವ್ ಅಭ್ಯಾಸವಾಯಿತು. ಖರ್ಚು ಕಡಿಮೆ, ಊಟ ಹಾಕಬೇಕಿಲ್ಲ. ಮಾಮುವಿನ ಸೆಟ್ಟಿನಲ್ಲಿ ಈಗ ಏಳು ಜನ. ಟೆಂಪೊ ಮೇಲೆ ಕೀಬೋರ್ಡ್ ಮತ್ತು ಸ್ಪೀಕರ್ ಇಟ್ಟು, ಇಲ್ಲದ ಒಂಬತ್ತು ಜನರ ಸದ್ದನ್ನು ಅದರಿಂದ ತೆಗೆಯುತ್ತಾರೆ.

ಈಗ ನಮ್ಮ ಕಾಲೇಜಿನ ವಿಷಯ. ಕಳೆದ ವರ್ಷದ ಕ್ರೀಡಾಕೂಟದಲ್ಲಿ ಪಥಸಂಚಲನಕ್ಕೆ ಪೆನ್‌ಡ್ರೈವ್ ಹಾಕಿದ್ದರು. ಮಧ್ಯದಲ್ಲಿ ಹಾಡು ಮುಗಿದು, ಕಾಮರ್ಸ್ ವಿಭಾಗದವರು ಮೈದಾನದ ಅರ್ಧದಲ್ಲಿ ಬರೀ ಕಾಲು ಸದ್ದಿನಲ್ಲಿ ನಡೆದದ್ದು ಎಲ್ಲರಿಗೂ ನೆನಪಿರುತ್ತದೆ. ಈ ವರ್ಷ ನಾಲ್ಕು ಜನ ಬ್ಯಾಂಡಿನವರನ್ನು ಕರೆಯಬೇಕು ಎಂಬುದು ನನ್ನ ಬೇಡಿಕೆ. ಮಾಮುವಿನ ಸೆಟ್ಟೇ ಆಗಬೇಕೆಂದಿಲ್ಲ, ತುಮಕೂರಿನಲ್ಲಿ ಬೇರೆಯವರೂ ಇದ್ದಾರೆ. ಬಾಜಾ ಬೇಡ ಎನ್ನುವವರು ನಮ್ಮಲ್ಲೂ ಇರಬಹುದು. ಆದರೆ ಪೆನ್‌ಡ್ರೈವಿನಿಂದ ಬಂದದ್ದೂ ಬ್ಯಾಂಡೇ ಆಗಿತ್ತು.

ಮಾಮುವನ್ನು ಕೇಳಿದೆ. ನಡೆಯುವವರು ಹೆಜ್ಜೆ ತಪ್ಪಿದರೆ ಡ್ರಮ್ಮಿನವನು ನೋಡಿಕೊಂಡು ನಿಧಾನ ಮಾಡುತ್ತಾನೆ, ಕೊನೆಯ ಸಾಲು ದಾಟುವವರೆಗೆ ನಿಲ್ಲಿಸುವುದಿಲ್ಲ ಅಂದರು. ನಾಲ್ಕು ಜನಕ್ಕೆ ಒಂದು ಬೆಳಗ್ಗೆಗೆ ಎಷ್ಟಾಗುತ್ತದೆ ಎಂದೂ ಹೇಳಿದ್ದಾರೆ. ಬರೆದುಕೊಂಡಿದ್ದೇನೆ, ಸೋಮವಾರ ದೈಹಿಕ ಶಿಕ್ಷಣದ ಸರ್‌ಗೆ ಕೊಡುತ್ತೇನೆ. ಅಡ್ವಾನ್ಸ್ ಬೇಡವಂತೆ.