ಭಾರವನ್ನೂ ಅಳೆಯಬೇಕು

ಸೇತುವೆಯೊಂದು ಕುಸಿದರೆ ಎಂಜಿನಿಯರನು ಉಕ್ಕಿನ ಗುಣವನ್ನಷ್ಟೇ ಪರೀಕ್ಷಿಸಿ ಸುಮ್ಮನಾಗುವುದಿಲ್ಲ. ಅದರ ಮೇಲೆ ಎಷ್ಟು ಭಾರವಿತ್ತು, ಎಷ್ಟು ಕಾಲದಿಂದ ಇತ್ತು ಎಂಬುದನ್ನೂ ಲೆಕ್ಕಹಾಕುತ್ತಾನೆ. ತರಗತಿಯಲ್ಲಿ ಪ್ರತಿವರ್ಷವೂ ನಾವು ಹೇಳಿಕೊಡುವ ಪಾಠವಿದು. ಆದರೆ ಯಾರಾದರೂ ಆತ್ಮಹತ್ಯೆ ಮಾಡಿಕೊಂಡರೆಂಬ ಸುದ್ದಿ ಬಂದಾಗ ಈ ಪಾಠವನ್ನು ನಾವೇ ಮರೆಯುತ್ತೇವೆ. ಮನಸ್ಸು ದುರ್ಬಲವಾಗಿತ್ತೆಂದು ತೀರ್ಪಿತ್ತು ಕೈತೊಳೆದುಕೊಳ್ಳುತ್ತೇವೆ.

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ಹೀಗೆ ಮಡಿದರು. ಅವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಜನ ದಿನಗೂಲಿಯವರು. 13,044 ಮಂದಿ ವಿದ್ಯಾರ್ಥಿಗಳು. ದೇಶದಲ್ಲಿ ಕೂಲಿಕಾರರ ಸಂಖ್ಯೆಯೇ ದೊಡ್ಡದಾದುದರಿಂದ, ಈ ಅಂಕಿಗಳಷ್ಟರಿಂದಲೇ ಬಡತನವೇ ಕಾರಣವೆಂದು ಸಾಧಿಸಲಾಗದು. ಇಂತಹ ಸಾವಿಗೆ ಕಾರಣ ಎಂದೂ ಒಂದೇ ಆಗಿರುವುದಿಲ್ಲ. ಆದರೆ ಒಂದು ದಿನದ ಕೂಲಿ ತಪ್ಪಿದರೆ ಒಲೆ ಉರಿಯದ ಮನೆಯವನಿಗೆ, ದೂರದ ನಗರದ ಮನೋವೈದ್ಯರನ್ನು ಕಾಣು ಎಂಬ ಬುದ್ಧಿವಾದವೊಂದೇ ಸಾಕೆ?

ಸಾಯಲು ನಿಶ್ಚಯಿಸಿದವನನ್ನು ಯಾರು ತಡೆದಾರು ಎನ್ನುವವರುಂಟು. ಶ್ರೀಲಂಕೆಯ ಅನುಭವ ಇದಕ್ಕೆ ಉತ್ತರ ಹೇಳುತ್ತದೆ. ಅಲ್ಲಿನ ಸರ್ಕಾರ ಅತಿ ವಿಷಕಾರಿಯಾದ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿತು. 1995ರಲ್ಲಿ ತುತ್ತತುದಿ ಮುಟ್ಟಿದ್ದ ಆತ್ಮಹತ್ಯೆಯ ಪ್ರಮಾಣ, ಮುಂದಿನ ಎರಡು ದಶಕಗಳಲ್ಲಿ ಸುಮಾರು ಶೇಕಡ 70ರಷ್ಟು ಇಳಿಯಿತು. ಸಂಕಟದ ಗಳಿಗೆ ಎಷ್ಟೇ ತೀವ್ರವಾಗಿರಲಿ, ಅದು ಬಹುವೇಳೆ ಕಳೆದುಹೋಗತಕ್ಕದ್ದು. ಅದನ್ನು ದಾಟಿಸಿದರೆ ಜೀವ ಉಳಿಯುತ್ತದೆ. ಇಲ್ಲಿ ಲಕ್ಷಾಂತರ ಮನಸ್ಸುಗಳನ್ನು ಒಂದೊಂದಾಗಿ ತಿದ್ದಿದವರಿಲ್ಲ. ತಿದ್ದಿದ್ದು ಅವುಗಳ ಸುತ್ತಲಿನ ವ್ಯವಸ್ಥೆಯನ್ನು.

ನಮ್ಮಲ್ಲಿಯೂ ಭಾರ ಇಳಿಸುವ ಕೆಲಸ ಕೆಲಮಟ್ಟಿಗೆ ಮೊದಲಾಗಿದೆ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರನ್ನು ಹಿಂದೆ ಕಾನೂನು ಅಪರಾಧಿಗಳೆಂದು ಕಾಣುತ್ತಿತ್ತು. 2017ರ ಮಾನಸಿಕ ಆರೋಗ್ಯ ಕಾಯಿದೆ, ಅವರು ತೀವ್ರ ಮನೋಯಾತನೆಯಲ್ಲಿದ್ದರೆಂದೇ ಭಾವಿಸಿ, ಶುಶ್ರೂಷೆ ಮತ್ತು ಪುನರ್ವಸತಿ ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿತು. ಕರ್ನಾಟಕದಲ್ಲಿ 2024ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು. ವಿದ್ಯಾರ್ಥಿಗಳಿಗೆ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ದೊರೆಯಿತು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿನ ಇಂತಹ ಸಾವುಗಳನ್ನು ತಡೆಯುವ ಮಾರ್ಗಗಳನ್ನು ಶೋಧಿಸಲು ಸರ್ವೋಚ್ಚ ನ್ಯಾಯಾಲಯವು 2025ರ ಮಾರ್ಚಿಯಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ನೇಮಿಸಿತು.

ಇಷ್ಟರಿಂದ ವೈದ್ಯರ ಅಗತ್ಯ ತಪ್ಪುವುದೆಂದು ನಾವು ಹೇಳುತ್ತಿಲ್ಲ. ಖಿನ್ನತೆ ನಿಜವಾದ ಕಾಯಿಲೆ, ಅದಕ್ಕೆ ಚಿಕಿತ್ಸೆಯುಂಟು. ಆದರೆ ಜಾತಿಯ ಹೆಸರಿನಲ್ಲಿ ಹಾಸ್ಟೆಲಿನಲ್ಲಿ ದಿನವೂ ಅವಮಾನಕ್ಕೆ ಗುರಿಯಾಗುವ ಹುಡುಗನಿಗೆ ಮಾತ್ರೆ ಕೊಟ್ಟು, ಅವಮಾನವನ್ನು ಹಾಗೆಯೇ ಉಳಿಸಿದರೆ, ಅದು ಅರೆ ಚಿಕಿತ್ಸೆ. ಅದು ನ್ಯಾಯವೂ ಅಲ್ಲ, ವಿಜ್ಞಾನವೂ ಅಲ್ಲ.

ವಿದ್ಯಾರ್ಥಿ ಮಿತ್ರರೆ, ನಿಮ್ಮ ಪಕ್ಕದ ಗೆಳೆಯನೋ ಗೆಳತಿಯೋ ಮಾತು ಬಿಟ್ಟು ಒಂಟಿಯಾಗುತ್ತಿದ್ದರೆ ನೇರವಾಗಿ ಕೇಳಿರಿ. ಕೇಳುವುದರಿಂದ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ. ಕೇಳುವವರೊಬ್ಬರಿದ್ದಾರೆ ಎಂಬುದೇ ಎಷ್ಟೋ ವೇಳೆ ಭಾರವನ್ನು ಹಗುರಾಗಿಸುತ್ತದೆ. ಕೇಳಿದುದನ್ನು ಗುಟ್ಟಾಗಿ ಇಟ್ಟುಕೊಳ್ಳದೆ, ನಂಬಿಕೆಯ ಹಿರಿಯರಿಗೆ ತಿಳಿಸಿರಿ. ಸರ್ಕಾರದ ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಆ ಭಾರ ನಿಮ್ಮ ಹೆಗಲ ಮೇಲೆಯೇ ಇದ್ದರೂ ಹೀಗೆಯೇ ಮಾಡಿರಿ. ಅದರಲ್ಲಿ ನಾಚಿಕೆ ಪಡತಕ್ಕದ್ದೇನೂ ಇಲ್ಲ. ನಾಚಿಕೆ ಪಡಬೇಕಾದವರು, ಆ ಭಾರವನ್ನು ಹೊರಿಸಿ ಸುಮ್ಮನೆ ನೋಡುತ್ತ ನಿಂತ ನಾವು.