ಎಂಟು ಬರೆದವನಿಗೆ ನಲವತ್ತು ಕುದುರೆ

ಸಾರಿಗೆ ಕಚೇರಿಯ ಮೈದಾನದಲ್ಲಿ ಎಂಟರ ಅಂಕಿಯಂತೆ ಒಂದು ಸುತ್ತು ಹೊಡೆದು, ಕಾಲು ನೆಲಕ್ಕೆ ತಾಗಿಸದೆ ಹಿಂದಿರುಗಿದ ಹುಡುಗನಿಗೆ ನಮ್ಮ ಸರ್ಕಾರ ಒಂದು ಚೀಟಿ ಕೊಡುತ್ತದೆ. ಪರೀಕ್ಷೆಗೆ ಅವನು ತಂದದ್ದು ಯಾರದೋ ನೂರು ಸಿ.ಸಿ. ಗಾಡಿ; ಅದರ ಬಲ ಸುಮಾರು 8 ಅಶ್ವಶಕ್ತಿ. ಮಾರನೆಯ ದಿನ ಅದೇ ಚೀಟಿಯನ್ನು ಜೇಬಿನಲ್ಲಿಟ್ಟು ಅವನು ಸಾವಿರ ಸಿ.ಸಿ. ಯಂತ್ರವನ್ನೇರಿದರೂ ಕೇಳುವವರಿಲ್ಲ. ‘ಗೇರುಳ್ಳ ಮೋಟಾರ್ ಸೈಕಲ್ಲು’ ಎಂಬಷ್ಟೇ ಕಾನೂನಿನ ಲೆಕ್ಕ. ಬೆಕ್ಕೂ ಹುಲಿಯೂ ಒಂದೇ ಕುಲವೆಂದು ಹುಲಿಯನ್ನು ಅಡಿಗೆಮನೆಗೆ ಬಿಟ್ಟುಕೊಂಡಂತಾಯಿತು!

1960ರ ದಶಕದಲ್ಲಿ ಮೈಸೂರಿನಲ್ಲಿ ತಯಾರಾಗುತ್ತಿದ್ದ 250 ಸಿ.ಸಿ. ಜಾವಾ ನಮ್ಮ ಹಿರಿಯರ ಕಣ್ಣಿಗೆ ದೊಡ್ಡ ಗಾಡಿ. ಅದರ ಬಲ ಸುಮಾರು 12 ಅಶ್ವಶಕ್ತಿ. 2013ರಲ್ಲಿ ಪೇಟೆಗೆ ಬಂದ ಕೆ.ಟಿ.ಎಂ. ಡ್ಯೂಕ್ 390ರದು 43. ಇಂಥದನ್ನು ಇಂದು ಕಾಲೇಜಿಗೆ ಸೇರಿದ ಬಹುಮಾನವಾಗಿ ಕೊಡಿಸುವ ತಂದೆಯರಿದ್ದಾರೆ. ಸಂಗೀತಕ್ಕೆ ಸೇರಿಸಿದ ಮಗಳಿಗೆ ಸರಳೆವರಸೆಯಿಂದಲೇ ಆರಂಭವಾಗಬೇಕೆಂದು ಹಟ ಹಿಡಿಯುವವರೂ ಇವರೇ.

‘ಕೈ ನಮ್ಮದಲ್ಲವೆ? ಬೇಕಾದಷ್ಟೇ ತಿರುವಿದರಾಯಿತು’ ಎಂದು ತರುಣರು ವಾದಿಸುತ್ತಾರೆ. ಕೈ ಅವರದೇ, ಆದರೆ ಗಾಬರಿಯಾದಾಗ ಅದು ಅವರ ಮಾತು ಕೇಳುವುದಿಲ್ಲ. ಗುಂಡಿಗೆ ಬಿದ್ದ ಗಾಡಿ ಎಗರಿದೊಡನೆ ಸವಾರನ ಮೈ ಹಿಂದಕ್ಕೆ ವಾಲುತ್ತದೆ. ಹಿಡಿಯನ್ನು ಬಿಗಿಹಿಡಿದ ಮಣಿಕಟ್ಟು ತಾನಾಗಿ ತಿರುಗುತ್ತದೆ. ಸಣ್ಣ ಗಾಡಿ ಇದಕ್ಕೆ ಒಮ್ಮೆ ಗುರುಗುಟ್ಟಿ ಸುಮ್ಮನಾದೀತು. ದೊಡ್ಡದು ಸವಾರನನ್ನು ಕೇಳದೆಯೇ ಹೊರಟುಬಿಡುತ್ತದೆ. ಸಣ್ಣ ಗಾಡಿ ತಪ್ಪನ್ನು ಕ್ಷಮಿಸುತ್ತದೆ, ಆದ್ದರಿಂದ ಕಲಿಸುತ್ತದೆ. ದೊಡ್ಡದಾದರೋ ತಪ್ಪನ್ನು ಮುಚ್ಚಿಡುತ್ತದೆ: ಗೇರು ತಪ್ಪಿದರೂ, ತಿರುವನ್ನು ತಡವಾಗಿ ಕಂಡರೂ ನೇರ ರಸ್ತೆಯಲ್ಲಿ ಅದರ ಬಲವೇ ಎಲ್ಲವನ್ನೂ ಸರಿದೂಗಿಸುತ್ತದೆ. ಭಾನುವಾರ ಬೆಳಗ್ಗೆ ನಂದಿಬೆಟ್ಟದ ತಿರುವಿನಲ್ಲಿ ಹಳೆಯ ಬಾಕಿಯೆಲ್ಲ ಒಟ್ಟಿಗೆ ವಸೂಲಾಗುತ್ತದೆ.

ದೊಡ್ಡ ಗಾಡಿಗೆ ಬ್ರೇಕೂ ಒಳ್ಳೆಯದು ಎನ್ನುತ್ತಾರೆ. ಒಪ್ಪಿದೆ. ಆದರೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಒಣ ರಸ್ತೆಯ ಮೇಲೆ ಬ್ರೇಕು ಹಿಡಿದ ಗಾಡಿ ಸುಮಾರು 9 ಮೀಟರಿಗೆ ನಿಂತರೆ, 80ರಲ್ಲಿ ಅದೇ ಗಾಡಿಗೆ 36 ಮೀಟರ್ ಬೇಕು. ಇಮ್ಮಡಿಯಲ್ಲ, ನಾಲ್ಮಡಿ. ಬ್ರೇಕು ಹಿಡಿಯಬೇಕೆಂದು ಹೊಳೆಯುವ ಒಂದು ಸೆಕೆಂಡಿನಲ್ಲೇ 22 ಮೀಟರ್ ಕಳೆದಿರುತ್ತದೆ. ಅದು ಬೇರೆ ಲೆಕ್ಕ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇಕಡಾ 44ಕ್ಕೂ ಮಿಕ್ಕವರು ದ್ವಿಚಕ್ರದವರು. ಅವರೆಲ್ಲ ದೊಡ್ಡ ಗಾಡಿಯವರೆಂದು ನಾನು ಹೇಳುತ್ತಿಲ್ಲ. ಸಣ್ಣ ಗಾಡಿಯೂ ಕೊಲ್ಲುವ ರಸ್ತೆಗೆ ಎಳಸು ಕೈಗಳಲ್ಲಿ ದೊಡ್ಡದನ್ನು ಕಳಿಸುವುದು ಯಾವ ವಿವೇಕ?

ಬ್ರಿಟನ್ನಿನಲ್ಲಿ 2013ರಿಂದ ಮೆಟ್ಟಿಲುಗಳಿವೆ. 17 ತುಂಬಿದವನಿಗೆ 125 ಸಿ.ಸಿ., ಸುಮಾರು 15 ಅಶ್ವಶಕ್ತಿಯವರೆಗೆ, 19ಕ್ಕೆ 47ರವರೆಗೆ. ಮಿತಿಯಿಲ್ಲದ್ದು ಬೇಕಾದರೆ ನಡುವಿನ ಮೆಟ್ಟಿಲಲ್ಲಿ ಎರಡು ವರ್ಷ ಕಳೆದು ಮತ್ತೆ ಪರೀಕ್ಷೆಗೆ ನಿಲ್ಲಬೇಕು. ಇಲ್ಲವೆ 24 ತುಂಬುವವರೆಗೆ ಕಾಯಬೇಕು. ಅಲ್ಲಿಯ ಹುಡುಗರಿಗೇನು ರಕ್ತ ತಣ್ಣಗಿದೆಯೆ?

ಇಂಥ ಕಾನೂನು ಬಂದರೆ ಲಂಚಕ್ಕೆ ಇನ್ನೊಂದು ಬಾಗಿಲು ತೆರೆದಂತೆ ಎಂದು ಮಿತ್ರರೊಬ್ಬರು ನಗುತ್ತಾರೆ. ಇದ್ದೀತು. ಆದರೆ ಪರವಾನಗಿ ಸಿಕ್ಕ ತಾರೀಖು ಅದರ ಮೇಲೆಯೇ ಅಚ್ಚಾಗಿರುತ್ತದೆ. ಕಾನೂನು ಬರುವ ತನಕ ಮಾರುವ ಅಂಗಡಿಯವನು ಅದನ್ನೊಮ್ಮೆ ಓದಲಿ. ಎರಡು ವರ್ಷ ತುಂಬಿರದಿದ್ದರೆ ಸಣ್ಣ ಗಾಡಿಗಳ ಸಾಲಿನ ಕಡೆಗೆ ಕೈ ತೋರಿಸಲಿ.